ಹಪ್ಪಳದಿಂದ ವಿಮಾನದವರೆಗೆ: ಒಳಗೇ ಹುಟ್ಟುವ ಶಾಖ

ಮೈಕ್ರೋವೇವ್ ಓವನ್ನಿನ ತಿರುಗುವ ತಟ್ಟೆ ತೆಗೆದಿಟ್ಟು ಅಗಲವಾದ ಹಪ್ಪಳವೊಂದನ್ನು ಸುಟ್ಟರೆ ಅಲ್ಲಲ್ಲಿ ಉಬ್ಬಿ ಬೆಳ್ಳಗಾಗುತ್ತದೆ, ನಡುನಡುವೆ ಹಸಿಯಾಗಿಯೇ ಉಳಿಯುತ್ತದೆ. ಓವನ್ನಿನ 2.45 ಗಿಗಾಹರ್ಟ್ಸ್ ಅಲೆಯ ಉದ್ದ ಸುಮಾರು 12 ಸೆಂಟಿಮೀಟರ್. ಲೋಹದ ಗೋಡೆಗೆ ತಾಗಿ ಹಿಂದಿರುಗುವ ಅಲೆಗಳು ಒಂದು ಕಡೆ ಕೂಡಿ ಬಲವಾಗುತ್ತವೆ, ಇನ್ನೊಂದು ಕಡೆ ಒಂದನ್ನೊಂದು ಅಳಿಸಿಬಿಡುತ್ತವೆ. ನಾರು ಮತ್ತು ರಾಳ ಸೇರಿದ ಕಾಂಪೊಸಿಟ್‌ಗಳನ್ನು ಈ ಅಲೆಗಳಿಂದ ಗಟ್ಟಿಮಾಡಲು, ಅಂದರೆ ಕ್ಯೂರ್ ಮಾಡಲು, ಹೊರಟವರಿಗೆ ಎದುರಾದ ಮುಖ್ಯ ತೊಡಕು ಇದೇ. ವೇಗ ಸುಲಭವಾಗಿ ಸಿಕ್ಕಿತು, ಎಲ್ಲೆಡೆ ಒಂದೇ ಹದ ಸಿಗಲಿಲ್ಲ.

ಅಲೆ ಹುಟ್ಟಿಸುವ ಮ್ಯಾಗ್ನೆಟ್ರಾನ್ ಬಂದದ್ದು ಎರಡನೆಯ ಮಹಾಯುದ್ಧದಿಂದ. 1940ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ರ್‍ಯಾಂಡಲ್ ಮತ್ತು ಬೂಟ್ ಎಂಬ ಭೌತವಿಜ್ಞಾನಿಗಳು ರಡಾರಿಗಾಗಿ ಅದಕ್ಕೆ ಹೊಸ ರೂಪ ಕೊಟ್ಟರು. 1945ರಲ್ಲಿ ಅಮೆರಿಕದ ಪರ್ಸಿ ಸ್ಪೆನ್ಸರ್ ಅದನ್ನು ಅಡುಗೆಯ ಕಡೆಗೆ ತಿರುಗಿಸಿದರು. ಆಮೇಲೆ ಅದನ್ನು ಕೈಗೆತ್ತಿಕೊಂಡದ್ದು ರಬ್ಬರ್ ಉದ್ಯಮ. ಕಾರಿನ ಬಾಗಿಲಂಚಿಗೆ ಹಾಕುವ ಕಪ್ಪು ರಬ್ಬರ್ ಪಟ್ಟಿ ಯಂತ್ರದಿಂದ ಹೊರಬಂದು ಮೈಕ್ರೋವೇವ್ ಸುರಂಗದ ಮೂಲಕ ಹರಿಯುತ್ತದೆ. ಅದರಲ್ಲಿ ಬೆರೆಸಿದ ಕಾರ್ಬನ್ ಕಪ್ಪು ಅಲೆಯನ್ನು ಹೀರಿ ಪಟ್ಟಿಯನ್ನು ಒಳಗಿನಿಂದಲೇ ಕಾಯಿಸುತ್ತದೆ. ಆದರೆ ಅದೇ ಕಾರ್ಬನ್ ಉದ್ದನೆಯ ನಾರಾದಾಗ ಕಥೆ ಬೇರೆ. ಸಂಶೋಧಕರಾದ ಲೀ ಮತ್ತು ಸ್ಪ್ರಿಂಗರ್ 1984ರಲ್ಲೇ ತೋರಿಸಿದಂತೆ, ನಾರುಗಳೆಲ್ಲ ಒಂದೇ ದಿಕ್ಕಿನಲ್ಲಿದ್ದು ಅಲೆಯ ವಿದ್ಯುತ್ ಕ್ಷೇತ್ರ ಅವಕ್ಕೆ ಅಡ್ಡವಾಗಿದ್ದರೆ ಕೆಲಸ ನಡೆಯುತ್ತದೆ. ಹಲವು ದಿಕ್ಕಿನ ಪದರಗಳಾದರೆ ನಾರು ಕನ್ನಡಿಯಂತೆ ಅಲೆಯನ್ನು ಹಿಂದಕ್ಕಟ್ಟುತ್ತದೆ. ಜರ್ಮನಿಯ ಕಾರ್ಲ್ಸ್‌ರುಹೆಯ ಸಂಶೋಧಕರು ಶಾಖದ ಅಸಮತೆಗೆ ಉತ್ತರವಾಗಿ ಆರು ಮೂಲೆಯ ಕೋಣೆ ಕಟ್ಟಿ, ಅದಕ್ಕೆ ಹೆಫೈಸ್ಟೋಸ್ ಎಂದು ಹೆಸರಿಟ್ಟರು. ಅಲೆ ಹೆಚ್ಚು ಸಮವಾಗಿ ಹರಡುವುದು ಆ ಆಕಾರದ ಉದ್ದೇಶ.

ಒತ್ತಡದಲ್ಲಿ ಕಾಯಿಸುವ ಉಕ್ಕಿನ ಪಾತ್ರೆಯಾದ ಆಟೋಕ್ಲೇವ್ ಇರುವಾಗ ಇದೆಲ್ಲ ಏಕೆ ಎಂಬ ಆಕ್ಷೇಪ ನ್ಯಾಯವಾದದ್ದೇ. ಬೆಂಗಳೂರಿನ ಎನ್‌ಎಎಲ್ ಎಂಬ ವೈಮಾನಿಕ ಸಂಶೋಧನಾಲಯ ತೇಜಸ್ ಯುದ್ಧವಿಮಾನದ ಬಾಲದ ರೆಕ್ಕೆ, ರಡ್ಡರ್‌ಗಳನ್ನು ಕಾಂಪೊಸಿಟ್‌ನಲ್ಲಿ ರೂಪಿಸಿತು. ಇಂಥ ವಿಮಾನ ಭಾಗಗಳಿಗೆ ಆಟೋಕ್ಲೇವ್ ಸಾಮಾನ್ಯವಾಗಿ 180 ಡಿಗ್ರಿ ಶಾಖದ ಜೊತೆಗೆ ಹಲವು ಪಟ್ಟು ವಾಯುಭಾರದ ಒತ್ತಡವನ್ನೂ ಕೊಡುತ್ತದೆ. ಆ ಒತ್ತಡ ಪದರಗಳ ನಡುವಿನ ಗುಳ್ಳೆಗಳನ್ನು ಅಡಗಿಸುತ್ತದೆ. ಮೈಕ್ರೋವೇವ್ ಕೊಡುವುದು ಶಾಖ ಮಾತ್ರ. ಆದ್ದರಿಂದ ಅದು ಆಟೋಕ್ಲೇವಿಗೆ ಪೂರ್ಣ ಬದಲಿ ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಆದರೆ ಆಟೋಕ್ಲೇವ್ ರಾಳದ ಜೊತೆಗೆ ತನ್ನ ಉಕ್ಕಿನ ಗೋಡೆ, ಒಳಗಿನ ಅನಿಲ, ಭಾರವಾದ ಅಚ್ಚು ಎಲ್ಲವನ್ನೂ ಕಾಯಿಸಬೇಕು. ಅದೂ ಅಲ್ಲದೆ ರಾಳ ಶಾಖವನ್ನು ಅಲ್ಯೂಮಿನಿಯಂಗಿಂತ ಸುಮಾರು 1000 ಪಟ್ಟು ನಿಧಾನವಾಗಿ ಸಾಗಿಸುತ್ತದೆ. ದಪ್ಪ ಭಾಗಗಳಲ್ಲಿ ಒಳಗೇ ಹುಟ್ಟುವ ಶಾಖಕ್ಕೆ ಬೆಲೆ ಬರುವುದು ಇದರಿಂದಲೇ.

ಹಾಗಾಗಿ ನಮ್ಮ ದಾರಿ ಗಾಜಿನ ನಾರಿನಿಂದ ಶುರುವಾಗಬೇಕು. ಗಾಜು ಅಲೆಯನ್ನು ತಡೆಯದೆ ರಾಳದವರೆಗೆ ಬಿಡುತ್ತದೆ. ಇದನ್ನು ಪರೀಕ್ಷಿಸಲು ಪುಣೆ ಒಳ್ಳೆಯ ಜಾಗ: ಅದರ ಸುತ್ತ ವಾಹನ ಕಾರ್ಖಾನೆಗಳಿವೆ. ಅಲ್ಲಿನ ಕೊಂಢವಾ ಬುದ್ರುಕ್‌ನಲ್ಲಿ ವಿಶ್ವಕರ್ಮ ಇನ್‌ಸ್ಟಿಟ್ಯೂಟ್ ಆಫ್ ಇನ್ಫರ್ಮೇಶನ್ ಟೆಕ್ನಾಲಜಿಯಂಥ ಎಂಜಿನಿಯರಿಂಗ್ ಕಾಲೇಜಿದೆ. ಒಂದೇ ರಾಳ, ಒಂದೇ ಗಾಜಿನ ಬಟ್ಟೆಯಿಂದ ಎರಡು ಹಲಗೆ ಮಾಡಿ, ಒಂದನ್ನು ಸಾಮಾನ್ಯ ಓವನ್ನಿನಲ್ಲಿ, ಇನ್ನೊಂದನ್ನು ಪ್ರಯೋಗಾಲಯದ ಮೈಕ್ರೋವೇವಿನಲ್ಲಿ ಗಟ್ಟಿಮಾಡಿ, ಎರಡನ್ನೂ ಮುರಿದು ನೋಡುವ ಕೆಲಸ ಇಂಥ ಕಾಲೇಜುಗಳ ಅಳವಿನೊಳಗಿದೆ. ವಿದ್ಯಾರ್ಥಿಗಳೇ, ಹಲಗೆಯ ನಡುವನ್ನಷ್ಟೇ ಅಲ್ಲ, ಅಂಚುಗಳನ್ನೂ ಅಳೆಯಿರಿ. ಮನೆಯ ಓವನ್ನಿನಲ್ಲಿ ಮಾತ್ರ ಈ ಪ್ರಯೋಗ ಬೇಡ. ರಾಳದ ಆವಿ ಅನ್ನ ಬಿಸಿಮಾಡುವ ಜಾಗಕ್ಕೆ ಸೇರಬಾರದು.