ಖಾಯಂ ಕೆಲಸ, ಹಂಗಾಮಿ ಕೆಲಸಗಾರ

(ಸಂಘದ ಬೆಳ್ಳಿ ಹಬ್ಬದ ಅಂಗವಾಗಿ ಜರುಗಿದ ಸದಸ್ಯರ ಸಭೆಯಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಸಾಲ, ಠೇವಣಿ, ವಸೂಲಿಯ ಲೆಕ್ಕ ವರದಿಯೊಳಗ ಬಂದೇ ಬರ್ತದ. ಅದನ್ನು ನಾವು ಮತ್ತೆ ಹೇಳುವುದಿಲ್ಲ. ಬ್ಯಾಂಕುಗಳಲ್ಲಿ ಹತ್ತಿಪ್ಪತ್ತು ವರ್ಷ ಟೆಂಪರರಿಯಾಗಿ ದುಡಿದು, ನಮ್ಮನ್ನು ಖಾಯಂ ಮಾಡ್ರಿ ಅಂತ ಕೋರ್ಟಿನ ಮೆಟ್ಟಿಲು ಹತ್ತಿದವರ ಬಗ್ಗೆ ಎರಡು ಮಾತು ತಮ್ಮ ಮುಂದೆ ಇಡುತ್ತೇವೆ. ಅದು ಬ್ಯಾಂಕಿನವರ ವಿಷಯ, ನಮಗ್ಯಾಕ ಅಂತ ಕೇಳಬ್ಯಾಡ್ರಿ. ಆ ಜನ ನಮ್ಮ ಊರುಗಳ ಮಕ್ಕಳೇ. ಮೇಲಾಗಿ ನಮ್ಮಂಥ ಸಂಘಗಳೂ ನಾಲ್ಕು ಜನರಿಗೆ ಕೆಲಸ ಕೊಡುವ ಸಂಸ್ಥೆಗಳೇ.

ಬೆಳೆ ಸಾಲದ ಕೆಲಸಕ್ಕೆಂದು ಕಮಲಾಪುರಕ್ಕೋ ಕಲಬುರಗಿಗೋ ಬ್ಯಾಂಕಿಗೆ ಹೋದರೆ ನಮ್ಮನ್ನು ಮೊದಲು ಮಾತಾಡಿಸುವವರು ಮ್ಯಾನೇಜರ್ ಸಾಹೇಬರಲ್ಲ. ಬೆಳಿಗ್ಗೆ ಬಾಗಿಲು ತೆಗೆದು, ಕಸ ಹೊಡೆದು, ನೀರು ತುಂಬಿಟ್ಟು, ಓದು ಬಾರದ ಮುದುಕಿಗೆ ಚೀಟಿ ಬರೆದುಕೊಡುವ ತಮ್ಮ ಒಬ್ಬ ಇರ್ತಾನ. ಹಿಂದೆ ಲೆಡ್ಜರ್ ಹೊತ್ತ, ಈಗ ಆಧಾರ್ ಝೆರಾಕ್ಸ್ ಜೋಡಿಸ್ತಾನ. ಸಾಹೇಬರು ಮೂರು ವರ್ಷಕ್ಕೊಮ್ಮೆ ವರ್ಗ ಆಗ್ತಾರ, ಇವನು ಅಲ್ಲೇ ಇರ್ತಾನ. ಕೆಲಸ ಒಂದು ದಿನವೂ ನಿಲ್ಲುವುದಿಲ್ಲ, ಅಂದರೆ ಕೆಲಸ ಖಾಯಂ. ಆದರೆ ಮಾಡುವವನು ಮಾತ್ರ ಹಂಗಾಮಿ. ಬೀಮಾರಿ ಬಿದ್ದರೆ ಪಗಾರ ಇಲ್ಲ, ವಯಸ್ಸಾದರೆ ಪೆನ್ಷನ್ ಇಲ್ಲ.

ಇದು ಹೇಗೆ ಬಂತು ನೋಡ್ರಿ. 1969ರ ಜುಲೈ 19ರಂದು 14 ಬ್ಯಾಂಕುಗಳು ರಾಷ್ಟ್ರೀಕರಣವಾದ ಮೇಲೆ ಹಳ್ಳಿ ಹಳ್ಳಿಗೆ ಶಾಖೆ ಬಂದವು. 1975ರಲ್ಲಿ ಗ್ರಾಮೀಣ ಬ್ಯಾಂಕುಗಳ ಯೋಜನೆ ಬಂತು. 1978ರಲ್ಲಿ ಅಂದಿನ ಗುಲಬರ್ಗಾದಲ್ಲೇ ಕೃಷ್ಣಾ ಗ್ರಾಮೀಣ ಬ್ಯಾಂಕ್ ಹುಟ್ಟಿತು. ದೇಶದಲ್ಲೆಲ್ಲ ಬ್ಯಾಂಕಿನ ವ್ಯವಹಾರ ಬೆಳೆಯಿತು. ಆದರೆ ಸಿಪಾಯಿ, ಕಸಗುಡಿಸುವವರ ಹುದ್ದೆಗಳಿಗೆ ಮಂಜೂರಾತಿ ಅದೇ ವೇಗದಲ್ಲಿ ಬರಲಿಲ್ಲ. ಎಷ್ಟೋ ಕಡೆ ದಿನಗೂಲಿಯ ಮೇಲೆ ಕೆಲಸ ಸಾಗಿತು.

ಕಾಯ್ದೆ ಇರಲಿಲ್ಲವೇ? ಇತ್ತು. 1947ರ ಕೈಗಾರಿಕಾ ವಿವಾದ ಕಾಯ್ದೆಯಂತೆ ಹನ್ನೆರಡು ತಿಂಗಳಲ್ಲಿ 240 ದಿನ ದುಡಿದವರನ್ನು ನೋಟಿಸು, ಪರಿಹಾರ ಕೊಡದೆ ತೆಗೆಯುವಂತಿರಲಿಲ್ಲ. (2025ರ ನವೆಂಬರ್ 21ರಿಂದ ಅದರ ಜಾಗಕ್ಕೆ ಕೈಗಾರಿಕಾ ಸಂಬಂಧಗಳ ಸಂಹಿತೆ ಬಂದಿದೆ.) ಸ್ಟೇಟ್ ಬ್ಯಾಂಕಿನಲ್ಲಿ ಬಿಟ್ಟು ಬಿಟ್ಟು ದುಡಿದ ಒಬ್ಬ ಕ್ಯಾಷಿಯರನಿಗೆ ಕೊನೆಗೆ ಒಂಬತ್ತು ದಿನದ ಆರ್ಡರ್ ಕೊಟ್ಟು, ಕೆಲಸ ಮುಗಿಯುವ ತಾರೀಖನ್ನೂ ಅದರಲ್ಲೇ ಬರೆದಿದ್ದರು. ತಾರೀಖು ಬರೆದ ಮಾತ್ರಕ್ಕೆ ಕಾಯ್ದೆಯಿಂದ ತಪ್ಪಿಸಿಕೊಳ್ಳಲು ಆಗದು, ಅದೂ ಕೆಲಸದಿಂದ ತೆಗೆದಂತೆಯೇ ಎಂದು 1976ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ತೀರ್ಪು ಕೊಟ್ಟರು.

ಆದರೆ ಹಾಗೇ ತೆಗೆಯಬಾರದು ಅನ್ನುವುದು ಬೇರೆ, ಖಾಯಂ ಮಾಡಬೇಕು ಅನ್ನುವುದು ಬೇರೆ. 1987ರ ನವೆಂಬರಿನಲ್ಲಿ ಸ್ಟೇಟ್ ಬ್ಯಾಂಕ್ ಹಾಗೂ ನೌಕರರ ಫೆಡರೇಷನ್ ಒಪ್ಪಂದ ಮಾಡಿಕೊಂಡವು. ದುಡಿದ ದಿನ ಎಣಿಸಿ ಟೆಂಪರರಿಗಳ ಪಟ್ಟಿ ತಯಾರಾಯಿತು. 1997ರ ಮಾರ್ಚ್ 31ಕ್ಕೆ ಆ ಪಟ್ಟಿಗಳ ಅವಧಿ ಮುಗಿಯಿತು. ಪಟ್ಟಿಯಲ್ಲಿ ಹೆಸರಿದ್ದೂ ಕೆಲಸ ಸಿಗದವರು ಕೋರ್ಟಿಗೆ ಅಲೆದರು.

ಮುಂದೆ ದೇಶಕ್ಕೆಲ್ಲ ದಾರಿ ಹಾಕಿದ ತೀರ್ಪು ನಮ್ಮ ಕರ್ನಾಟಕದ ಕೇಸಿನದೇ. ವಾಣಿಜ್ಯ ತೆರಿಗೆ ಇಲಾಖೆಯ ದಿನಗೂಲಿ ನೌಕರರ ಆ ಕೇಸಿಗೆ ಉಮಾದೇವಿ ಪ್ರಕರಣ ಅಂತಾರ. 2006ರ ಏಪ್ರಿಲ್ 10ರಂದು ಐವರು ನ್ಯಾಯಮೂರ್ತಿಗಳು ಹೇಳಿದ್ದೇನೆಂದರೆ, ಬಹಳ ವರ್ಷ ದುಡಿದ ಮಾತ್ರಕ್ಕೆ ಸರಕಾರಿ ಕೆಲಸ ಖಾಯಂ ಆಗುವುದಿಲ್ಲ, ಎಲ್ಲರಿಗೂ ಅರ್ಜಿ ಹಾಕುವ ಸಮಾನ ಅವಕಾಶ ಇರಬೇಕು. ಮಂಜೂರಾದ ಹುದ್ದೆಯಲ್ಲಿ ಕೋರ್ಟಿನ ಆದೇಶದ ಬಲವಿಲ್ಲದೆ ಹತ್ತು ವರ್ಷ ದುಡಿದ ಅರ್ಹರನ್ನು ಮಾತ್ರ ಒಂದು ಸಲಕ್ಕೆ ಪರಿಗಣಿಸಿರಿ ಎಂದರು. ಈ ಮಾತಿನಲ್ಲಿ ಹುರುಳಿಲ್ಲ ಎನ್ನಲಾಗದು. ಬ್ಯಾಂಕ್ ಪರೀಕ್ಷೆಗೆ ಹಗಲು ರಾತ್ರಿ ಓದುವ ಹುಡುಗರೂ ನಮ್ಮವರೇ. ಹಿಂಬಾಗಿಲಿನಿಂದ ಬಂದವರೇ ಉಳಿದರೆ ಅವರ ಗತಿ ಏನು? ಆದರೆ ಇಪ್ಪತ್ತು ವರ್ಷ ಮುಂಬಾಗಿಲ ಕಸ ಹೊಡೆದವನನ್ನು ಹಿಂಬಾಗಿಲಿನವನು ಅಂದರೆ ಅದೂ ನ್ಯಾಯವಲ್ಲ. 2024ರ ಡಿಸೆಂಬರ್ 20ರಂದು ಸುಪ್ರೀಂ ಕೋರ್ಟು ಕೇಂದ್ರ ಜಲ ಆಯೋಗದ ಕಸಗುಡಿಸುವ ಹೆಣ್ಣುಮಕ್ಕಳ ಕೇಸಿನಲ್ಲಿ ಇದನ್ನೇ ಎತ್ತಿ ಹೇಳಿತು. ಉಮಾದೇವಿ ತೀರ್ಪನ್ನು ದುಡಿದವರ ವಿರುದ್ಧ ಆಯುಧ ಮಾಡಬಾರದು ಎಂದು ಅವರನ್ನು ಖಾಯಂ ಮಾಡಲು ಆದೇಶಿಸಿತು.

ಪಿಗ್ಮಿ ಕಟ್ಟಿಸಿಕೊಳ್ಳುವವರ ಕಥೆಯೂ ಉಂಟು. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಉಡುಪಿಯ ಬ್ಯಾಂಕು 1928ರಲ್ಲಿ ಪಿಗ್ಮಿ ಶುರು ಮಾಡಿತು. ಮನೆ ಮನೆ ತಿರುಗುವ ಇವರು ಬರೀ ಏಜೆಂಟರಲ್ಲ, ಕಾರ್ಮಿಕರೇ ಹೌದು ಎಂದು 2001ರಲ್ಲಿ ಸುಪ್ರೀಂ ಕೋರ್ಟು ಒಪ್ಪಿತು. ಆದರೂ ಖಾಯಂ ನೌಕರರ ಸಮ ಅಂತ ಹೇಳಲಿಲ್ಲ.

ಈಗ ಮುಖ್ಯ ಮಾತಿಗೆ ಬರುತ್ತೇವೆ. ಎಷ್ಟೋ ಜನ ಸೋತದ್ದು ದುಡಿಯದೆ ಅಲ್ಲ, ದುಡಿದದ್ದಕ್ಕೆ ಕಾಗದ ಇಲ್ಲದೆ. ನಮ್ಮ ರಾಜ್ಯದ ಅರಣ್ಯ ಇಲಾಖೆಯ ಒಂದು ಕೇಸಿನಲ್ಲಿ 2002ರಲ್ಲಿ ಸುಪ್ರೀಂ ಕೋರ್ಟು, 240 ದಿನ ದುಡಿದದ್ದನ್ನು ಕೆಲಸಗಾರನೇ ರುಜುವಾತು ಮಾಡಬೇಕು, ಬರೀ ಪ್ರಮಾಣಪತ್ರ ಸಾಲದು ಎಂದಿತು. ಹಾಜರಿ ಪುಸ್ತಕ ಕೆಲಸ ಕೊಟ್ಟವರ ಕಪಾಟಿನಲ್ಲಿ, ಸಾಬೀತು ಮಾಡುವ ಭಾರ ದುಡಿದವನ ತಲೆಯ ಮೇಲೆ! 1974ರ ಭೂಸುಧಾರಣೆ ಕಾಲದ ಮಾತು ನಮ್ಮ ಹಿರಿಯರು ಹೇಳ್ತಾರ. ಉತ್ತವನೇ ಒಡೆಯ ಅಂದರೂ, ಪಹಣಿಯೊಳಗ ಹೆಸರಿಲ್ಲದ ಗೇಣಿದಾರ ಸಾಕ್ಷಿ ಹುಡುಕುತ್ತ ತಿರುಗಬೇಕಾಯಿತು. ಇದೂ ಹಂಗೇ.

ಕೋರ್ಟಿನ ದಾರಿ ದೂರದ್ದು. ಬ್ಯಾಂಕ್ ನೌಕರರ ವ್ಯಾಜ್ಯ ಕೇಳುವ ಕೇಂದ್ರದ ಕೈಗಾರಿಕಾ ನ್ಯಾಯಮಂಡಳಿ ಇರುವುದು ಬೆಂಗಳೂರಿನಲ್ಲಿ. ಹೈಕೋರ್ಟಿಗಾದರೆ 2008ರಲ್ಲಿ ಗುಲಬರ್ಗಾಕ್ಕೆ ಸಂಚಾರಿ ಪೀಠ ಬಂತು, 2013ರಲ್ಲಿ ಅದು ಖಾಯಂ ಪೀಠವಾಯಿತು. ಪೀಠ ಖಾಯಂ ಆಗಲಿಕ್ಕೆ ಐದು ವರ್ಷ ಸಾಕಾಯ್ತು, ಕೆಲಸಗಾರನಿಗೆ ಇಪ್ಪತ್ತೂ ಸಾಲವಲ್ದು!

ಆದ್ದರಿಂದ ಟೆಂಪರರಿ ಕೆಲಸದ ತಮ್ಮ ತಂಗಿಯರಿಗೆ ನಮ್ಮ ವಿನಂತಿ ಇಷ್ಟೇ. ಆರ್ಡರ್ ಇದ್ದರೆ ಜೋಪಾನ ಮಾಡ್ರಿ. ಪಗಾರ ಖಾತೆಗೆ ಹಾಕಿಸಿಕೊಳ್ರಿ. ಪಾಸ್‌ಬುಕ್, ವೋಚರಿನ ನಕಲು ಕಾಯ್ದಿಡ್ರಿ. ಕೆಲಸಕ್ಕೆ ಹೋದ ದಿನ ಡೈರಿಯಲ್ಲಿ ಬರೀರಿ. ಕೆಲಸ ಬಿಡಿಸಿದರೆ ವರ್ಷಗಟ್ಟಲೆ ಸುಮ್ಮನೆ ಕೂಡಬ್ಯಾಡ್ರಿ, ಯೂನಿಯನ್ ಅಥವಾ ವಕೀಲರನ್ನು ಕೂಡಲೇ ಕಾಣ್ರಿ.

ಸಂಘದ ಆಡಳಿತ ಮಂಡಳಿಗೂ ಒಂದು ಸೂಚನೆ. ಬೆಳ್ಳಿ ಹಬ್ಬದ ನೆನಪಿಗೆ ಕಮಾನು ಕಟ್ಟಿಸೋಣ, ಬ್ಯಾಡ ಅನ್ನುವುದಿಲ್ಲ. ಅದರ ಜೋಡಿ ಒಂದು ಠರಾವೂ ಆಗಲಿ. ಗೊಬ್ಬರದ ಗೋದಾಮಿನ ಹಮಾಲನಿರಲಿ, ಪಿಗ್ಮಿ ತರುವ ಹುಡುಗನಿರಲಿ, ಸಂಘಕ್ಕಾಗಿ ದುಡಿಯುವ ಪ್ರತಿಯೊಬ್ಬರಿಗೂ ಬರೆದ ಆರ್ಡರ್, ಹಾಜರಿ, ಖಾತೆಗೆ ಪಗಾರ ಸಿಗಲಿ. ಹುದ್ದೆ ಮಂಜೂರು ಮಾಡಿಸುವ ಕಾಗದ ಇಲಾಖೆಗೆ ಈ ವರ್ಷವೇ ಹೋಗಲಿ. ಶರಣಬಸವೇಶ್ವರರ ದಾಸೋಹದ ನೆಲ ಇದು. ಇಲ್ಲಿ ಕಾಯಕ ಮಾಡಿದವನು ತನ್ನ ಪಾಲಿಗಾಗಿ ಕೋರ್ಟಿಗೆ ಹೋಗುವಂತಾಗಬಾರದು.