ಕವಣೆಯ ಕಲ್ಲು ಎಷ್ಟು ದೂರ?
(ಪೋಷಕರ ಸಭೆಯೊಂದರಲ್ಲಿ ಮಾಡಿದ ಭಾಷಣ)



ವಿಜ್ಞಾನವನ್ನು ಕನ್ನಡದಲ್ಲಿ ಓದಿದ ಮಕ್ಕಳ ಗತಿಯೇನು ಎಂಬ ಆತಂಕ ನಿಮ್ಮಲ್ಲಿ ಅನೇಕರಿಗಿದೆ. ಘೋಷಣೆಯಿಂದ ಅದಕ್ಕೆ ಉತ್ತರ ಕೊಡಲಾರೆ. ಒಂದು ಪಾಠವನ್ನೇ ನಿಮ್ಮ ಮುಂದಿಡುತ್ತೇನೆ.

ಪಲ್ಲಡಂ, ಉಡುಮಲೆ ಕಡೆಯ ಹಿರಿಯರಿಗೆ ಜೋಳದ ಹೊಲವೂ ಹಕ್ಕಿ ಓಡಿಸುವ ಕವಣೆಯೂ ಹೊಸತಲ್ಲ. (ನಮ್ಮ ಕವಣೆ, ತಮಿಳಿನ ಕವಣ್ ಒಂದೇ ಬೇರಿನ ಮಾತುಗಳು.) ಕಲ್ಲು ಸೆಕೆಂಡಿಗೆ 10 ಮೀಟರ್ ವೇಗದಲ್ಲಿ, 45 ಡಿಗ್ರಿ ಓರೆಯಾಗಿ ಹೊರಟರೆ ಸುಮಾರು 10 ಮೀಟರ್ ದೂರಕ್ಕೆ ಬೀಳುತ್ತದೆ. ಅದೇ ಓರೆಯಲ್ಲಿ ವೇಗವನ್ನು 20ಕ್ಕೆ ಏರಿಸಿದರೆ? 20 ಮೀಟರ್ ಅನ್ನುತ್ತೇವೆ. ಅಲ್ಲ, ಸುಮಾರು 41 ಮೀಟರ್! ವೇಗ 30 ಆದರೆ 92. ಗಾಳಿಯ ತಡೆಯಿಂದ ಹೊಲದಲ್ಲಿ ಇದಕ್ಕಿಂತ ಕಡಿಮೆಯೇ ಆದೀತು.

ಎರಡು ಪಟ್ಟು ವೇಗಕ್ಕೆ ನಾಲ್ಕು ಪಟ್ಟು ದೂರ ಏಕೆ? ಜೋರಾಗಿ ಹೊರಟ ಕಲ್ಲು ಹೆಚ್ಚು ಮೇಲೇರುವುದರಿಂದ ಎರಡು ಪಟ್ಟು ಹೊತ್ತು ಗಾಳಿಯಲ್ಲಿರುತ್ತದೆ. ಅಷ್ಟೂ ಹೊತ್ತು ಎರಡು ಪಟ್ಟು ಬೇಗ ಮುಂದೆ ಸಾಗುತ್ತದೆ. ಎರಡೆರಡಲಿ ನಾಲ್ಕು.

ಈಗ ಗೋಲಿಯೊಂದನ್ನು ಮೇಜಿನ ಅಂಚಿನಿಂದ ನೇರವಾಗಿ ಉರುಳಿಬಿಡಿ. ಮುಂದಿನ ಸಲ ಎರಡು ಪಟ್ಟು ವೇಗ ಕೊಡಿ. ಅದು ಬೀಳುವ ದೂರ ಎರಡೇ ಪಟ್ಟು, ನಾಲ್ಕಲ್ಲ. ನಿಧಾನ ಹೋದರೂ ಜೋರಾಗಿ ಹೋದರೂ ಮೇಜಿನಿಂದ ನೆಲಕ್ಕೆ ಬೀಳುವ ಹೊತ್ತು ಒಂದೇ. "ವೇಗದ ವರ್ಗ" ಎಂದು ಬಾಯಿಪಾಠ ಮಾಡಿದ ಮಗು ಇಲ್ಲಿ ತಪ್ಪುತ್ತದೆ. "ಏಕೆ ಸಾರ್?" ಎಂದು ತನ್ನ ಮಾತಿನಲ್ಲಿ ಕೇಳಿ ತಿಳಿದ ಮಗು ತಪ್ಪುವುದಿಲ್ಲ. ಸೂತ್ರವನ್ನು ಅದು ಮುಂದೆ ಇಂಗ್ಲಿಷಿನಲ್ಲೂ ತಮಿಳಿನಲ್ಲೂ ಬರೆದೀತು.

1956ರಲ್ಲಿ ಸಂವಿಧಾನಕ್ಕೆ ಸೇರಿದ 350-ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯ ಬೋಧನೆಗೆ ಸಾಕಷ್ಟು ಸೌಲಭ್ಯ ಒದಗಿಸಲು ಯತ್ನಿಸುವಂತೆ ರಾಜ್ಯಗಳಿಗೆ ಹೇಳುತ್ತದೆ. ಆದರೆ ಅದರ ಮಾತು ಪ್ರಾಥಮಿಕ ಹಂತಕ್ಕೆ ಮಾತ್ರ. ಕವಣೆಯ ಲೆಕ್ಕ ಬರುವುದು ಅದರಾಚೆ. ನಮ್ಮ ಆಯ್ಕೆಯ ಶಿಕ್ಷಣ ಸಂಸ್ಥೆ ಕಟ್ಟಿ ನಡೆಸುವ ಹಕ್ಕು 30ನೇ ವಿಧಿಯಲ್ಲಿದೆ, ನಿಜ. ಅಲ್ಲಿ ಕನ್ನಡದಲ್ಲಿ ವಿಜ್ಞಾನ ಬೇಕೆಂದು ಕೇಳುವವರು ನೀವೇ ಆಗಬೇಕು.

ಮುಂದಿನ ಸಭೆಗೆ ಬಂದಾಗ ಅಂಕಪಟ್ಟಿ ನೋಡುವ ಮೊದಲು ವಿಜ್ಞಾನದ ಮೇಷ್ಟ್ರನ್ನು ವಿಚಾರಿಸಿ: ನಮ್ಮ ಮಗು ತರಗತಿಯಲ್ಲಿ ಪ್ರಶ್ನೆ ಕೇಳುತ್ತದೆಯೇ, ಯಾವ ಭಾಷೆಯಲ್ಲಿ ಕೇಳುತ್ತದೆ? ಇವತ್ತು ಮನೆಯಲ್ಲಿ ಗೋಲಿಯನ್ನಂತೂ ಉರುಳಿಸಿ ನೋಡಿ.