ವ್ಯಸನದ ಬಗ್ಗೆ ರೋಗಿಯನ್ನು ಕೇಳುವುದು ಹೇಗೆ?

(ನರ್ಸಿಂಗ್, ಫಾರ್ಮಸಿ ಹಾಗೂ ವೈದ್ಯಕೀಯ ವಿದ್ಯಾರ್ಥಿಗಳ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣದ ಬರಹ ರೂಪ)



ಅಮಲು ಪದಾರ್ಥಗಳ ಕೆಡುಕಿನ ಬಗ್ಗೆ ನೀವು ಹಲವು ಭಾಷಣಗಳನ್ನು ಕೇಳಿದ್ದೀರಿ. ಅದು ಹರಾಮ್ ಎಂಬುದನ್ನು ನಾನು ಹೇಳಬೇಕಾಗಿಲ್ಲ. ನಾನು ಹೇಳಹೊರಟಿರುವುದು ಬೇರೆ. ನಾಳೆ ವಾರ್ಡಿನಲ್ಲೋ ಔಷಧಿ ಅಂಗಡಿಯಲ್ಲೋ ನಿಮ್ಮೆದುರು ಬಂದು ನಿಲ್ಲುವ ಮನುಷ್ಯನನ್ನು ಈ ವಿಷಯದಲ್ಲಿ ಕೇಳುವುದು ಹೇಗೆ? ಲಿವರ್ ಸಿರೋಸಿಸ್ ಬಗ್ಗೆ ಪುಟಗಟ್ಟಲೆ ಓದುತ್ತೀರಿ. ಲಿವರ್ ಕೆಡುವುದಕ್ಕೆ ಎಷ್ಟೋ ವರ್ಷ ಮುಂಚೆ ಕೇಳಬೇಕಾದ ಪ್ರಶ್ನೆಯನ್ನು ಅಭ್ಯಾಸ ಮಾಡುವುದು ಮಾತ್ರ ಅಪರೂಪ.

ನಮ್ಮ ಸಮುದಾಯದಲ್ಲಿ ಇನ್ನೊಂದು ಅಡ್ಡಿಯೂ ಇದೆ. ಹೆಸರು, ಗಡ್ಡ, ಟೋಪಿ ನೋಡಿದೊಡನೆ 'ಇವರನ್ನು ಕುಡಿತದ ಬಗ್ಗೆ ಕೇಳುವುದು ಅವಮಾನ' ಎಂದುಕೊಂಡು ನಾವೇ 'ಇಲ್ಲ' ಎಂದು ಬರೆದುಬಿಡುತ್ತೇವೆ. ಮನೆಯವರೂ ಮರ್ಯಾದೆಗೆ ಅಂಜಿ ಬಾಯಿ ಬಿಡುವುದಿಲ್ಲ. ಕಾಲು ಮುರಿದು ದಾಖಲಾದವನು ನಿತ್ಯ ಕುಡಿಯುವವನಾಗಿದ್ದರೆ ಏನಾಗುತ್ತದೆ? ಆಸ್ಪತ್ರೆಯಲ್ಲಿ ಕುಡಿತ ಒಮ್ಮೆಲೇ ನಿಲ್ಲುತ್ತದೆ. ಕೈ ನಡುಗುತ್ತದೆ, ಬೆವರುತ್ತಾನೆ, ಫಿಟ್ಸ್ ಬರುವುದೂ ಉಂಟು. ಎರಡರಿಂದ ನಾಲ್ಕನೆಯ ದಿನದೊಳಗೆ ಇಲ್ಲದ್ದು ಕಾಣತೊಡಗಬಹುದು. ಡೆಲಿರಿಯಂ ಟ್ರೆಮೆನ್ಸ್ ಎನ್ನುವ ಈ ಸ್ಥಿತಿಗೆ ಚಿಕಿತ್ಸೆ ಸಿಗದಿದ್ದರೆ ಪ್ರಾಣಕ್ಕೇ ಅಪಾಯ. ಮನೆಯವರು ಜಿನ್ನ್ ಹಿಡಿದಿದೆ ಎಂದು ತಾಯತ ತರಲು ಓಡುತ್ತಾರೆ. ಬೇಕಾಗಿದ್ದುದು ಮೊದಲ ದಿನವೇ ಥಯಾಮಿನ್ ಮತ್ತು ಸರಿಯಾದ ಔಷಧಿ.

ಆದ್ದರಿಂದ ಎಲ್ಲರನ್ನೂ ಕೇಳಿ, ಒಂದೇ ರೀತಿಯಲ್ಲಿ ಕೇಳಿ. 'ನೀವು ಕುಡಿಯುವುದಿಲ್ಲ ತಾನೇ?' ಎಂದರೆ ಉತ್ತರವನ್ನು ನೀವೇ ಬಾಯಿಗಿಟ್ಟಂತೆ. ಮನೆಯವರನ್ನು ಸ್ವಲ್ಪ ಹೊರಗೆ ಕಳಿಸಿ ಹೀಗೆನ್ನಿ: 'ಚಾಚಾ, ಇಲ್ಲಿಗೆ ಬರುವ ಎಲ್ಲರನ್ನೂ ಇದನ್ನು ಕೇಳುತ್ತೇವೆ. ನಿಮಗೆ ಯಾವ ಔಷಧಿ ಕೊಡಬೇಕೆಂದು ತೀರ್ಮಾನಿಸಲು ಇದು ಗೊತ್ತಿರಬೇಕು. ಚಿಕಿತ್ಸೆ ಕೊಡುವವರನ್ನು ಬಿಟ್ಟು ಯಾರಿಗೂ ಹೇಳುವುದಿಲ್ಲ. ಬೀಡಿ, ಗುಟ್ಕಾದಿಂದ ಶುರು ಮಾಡೋಣವೇ?' ತಂಬಾಕನ್ನು ಒಪ್ಪಿಕೊಳ್ಳಲು ನಮ್ಮಲ್ಲಿ ಯಾರಿಗೂ ನಾಚಿಕೆಯಿಲ್ಲ, ಅದಕ್ಕೇ ಅಲ್ಲಿಂದ ಆರಂಭ. (ಇರಬೇಕಿತ್ತು ಎಂಬುದು ಬೇರೆ ಮಾತು. 2016-17ರ ಸಮೀಕ್ಷೆಯಲ್ಲಿ ಕರ್ನಾಟಕದ ವಯಸ್ಕರಲ್ಲಿ ಶೇಕಡಾ 22.8ರಷ್ಟು ಮಂದಿ ತಂಬಾಕು ಬಳಸುತ್ತಿದ್ದರು. ನಿಕಾಹ್ ಮನೆಯ ತಟ್ಟೆಯಲ್ಲಿರುವ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಪ್ರಕಟಿಸಿದೆ.)

ಮುಂದಿನ ದಾರಿಗೆ 'ಅಸಿಸ್ಟ್' ಎಂಬ ಪ್ರಶ್ನಾವಳಿ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಆಶ್ರಯದಲ್ಲಿ ಹಲವು ದೇಶಗಳ ಸಂಶೋಧಕರು ರೂಪಿಸಿದ್ದು. ಎಂಟೇ ಪ್ರಶ್ನೆಗಳು, ಐದು-ಹತ್ತು ನಿಮಿಷದ ಕೆಲಸ. ಜೀವನದಲ್ಲಿ ಎಂದಾದರೂ ಬಳಸಿದ್ದೀರಾ, ಕಳೆದ ಮೂರು ತಿಂಗಳಲ್ಲಿ ಎಷ್ಟು ಸಲ, ಬೇಕೇ ಬೇಕೆನಿಸಿತೇ, ಬಿಡಲು ಹೋಗಿ ಸೋತಿರಾ ಎಂದು ಸಾಗುತ್ತದೆ. ಮದ್ಯಕ್ಕೆ 11ರಿಂದ 26 ಅಂಕ ಬಂದರೆ ಮಧ್ಯಮ ಅಪಾಯ, ತಂಬಾಕಿಗೆ 4ರಿಂದಲೇ. 27 ಅಥವಾ ಅದಕ್ಕಿಂತ ಹೆಚ್ಚು ಬಂದರೆ ತಜ್ಞರ ಬಳಿ ಕಳಿಸಬೇಕು. ಈ ಮಧ್ಯದ ಗುಂಪು ನಿಮ್ಮದು. ಇವರು ಇನ್ನೂ ವ್ಯಸನಿಗಳಾಗಿಲ್ಲ, ನೀವು ಕೆಲವೇ ನಿಮಿಷ ಕೂತು ಆಡುವ ಮಾತು ಇವರಿಗೆ ನಾಟುತ್ತದೆ. ಅಂಕವನ್ನು ತೋರಿಸಿ, 'ಇದರ ಬಗ್ಗೆ ನಿಮಗೇನನಿಸುತ್ತದೆ?' ಎಂದು ಕೇಳಿ ಸುಮ್ಮನಿರಿ. ಸುಮ್ಮನಿರುವುದೇ ಕಷ್ಟ. ನಾಲಿಗೆಯ ತುದಿಯಲ್ಲಿ ಉಪದೇಶ ಕಾದು ನಿಂತಿರುತ್ತದೆ.

'ಹರಾಮ್ ಎಂದು ಹೇಳದೆ ಬಿಡುವುದೇ?' ಎಂದು ಕೆಲವರು ಕೇಳುತ್ತಾರೆ. ಅವನಿಗೆ ಅದು ಗೊತ್ತು, ಗೊತ್ತಿರುವುದರಿಂದಲೇ ಮುಚ್ಚಿಡುತ್ತಿದ್ದಾನೆ. ಮದ್ಯನಿಷೇಧದ ಆಜ್ಞೆ ಅಲ್ ಬಕರ, ಅನ್ನಿಸಾ, ಅಲ್ ಮಾಇದ ಸೂರಾಗಳಲ್ಲಿ ಹಂತಹಂತವಾಗಿ ಬಂತೆಂದು ಮದ್ರಸದಲ್ಲೇ ಓದಿದ್ದೀರಿ. ಇಂದು ಆ ಆಜ್ಞೆ ಪೂರ್ಣವಾಗಿದೆ, ಅದರಲ್ಲಿ ರಿಯಾಯಿತಿ ಇಲ್ಲ. ಆದರೆ ಮನುಷ್ಯರನ್ನು ಕೈಹಿಡಿದು ನಡೆಸಿದ ಆ ಬಗೆಯನ್ನು ಗಮನಿಸಿ.

ರಮಝಾನ್ ಚಂದ್ರದರ್ಶನದ ರಾತ್ರಿ ತೌಬಾ ಮಾಡಿ ಕುಡಿತ ಬಿಡುವವರಿದ್ದಾರೆ. ಸಂಕಲ್ಪ ಒಳ್ಳೆಯದೇ. ಆದರೆ ಬೆಳಗೆದ್ದೊಡನೆ ಕುಡಿಯದೆ ಕೈ ನಿಲ್ಲದವನು ವೈದ್ಯರ ನೆರವಿಲ್ಲದೆ ಹಠಾತ್ತನೆ ನಿಲ್ಲಿಸಬಾರದು. ಇಂಥವರನ್ನು ಶಅಬಾನ್‌ನಲ್ಲೇ ಕರೆತನ್ನಿ ಎಂದು ನಮ್ಮ ಇಮಾಮರು ಜುಮಾ ದಿನ ಹೇಳಿದರೆ ಎಷ್ಟೋ ಉಪಕಾರವಾಗುತ್ತದೆ. 2019ರಲ್ಲಿ ಪ್ರಕಟವಾದ ಏಮ್ಸ್ ವರದಿಯಂತೆ, ದೇಶದಲ್ಲಿ ಮದ್ಯಕ್ಕೆ ದಾಸರಾದ 38 ಮಂದಿಯಲ್ಲಿ ಚಿಕಿತ್ಸೆ ಪಡೆದವರು ಒಬ್ಬರು ಮಾತ್ರ.

ಫಾರ್ಮಸಿ ವಿದ್ಯಾರ್ಥಿಗಳಿಗೊಂದು ಮಾತು. ನಿದ್ರೆ ಮಾತ್ರೆ, ಕೊಡೀನ್ ಇರುವ ಕೆಮ್ಮಿನ ಔಷಧಿ ಕೇಳಿ ಪದೇ ಪದೇ ಬರುವ ಹುಡುಗನನ್ನು ಮೊದಲು ಕಾಣುವವರು ನೀವು. ಶೆಡ್ಯೂಲ್ ಎಚ್1 ಔಷಧಿಗಳ ರಿಜಿಸ್ಟರನ್ನು ಮೂರು ವರ್ಷ ಇಡಬೇಕೆಂಬ ಕಾನೂನು ಪಾಲಿಸಿದರೆ ಸಾಲದು. ಗದರಿಸಿ ಅಟ್ಟಿದರೆ ಪಕ್ಕದ ಅಂಗಡಿಗೆ ಹೋಗುತ್ತಾನೆ. ಒಂದು ಚೀಟಿಯಲ್ಲಿ 14446 ಎಂದು ವ್ಯಸನಮುಕ್ತಿ ಸಹಾಯವಾಣಿಯ ಸಂಖ್ಯೆ ಬರೆದು ಕೊಡಿ, 'ಕರೆ ಉಚಿತ' ಎನ್ನಿ.

ಊಟದ ನಂತರ ಮೂರು ಮೂರು ಮಂದಿಯಾಗಿ ಕೂರೋಣ. ಒಬ್ಬರು ರೋಗಿ, ಒಬ್ಬರು ಕೇಳುವವರು, ಇನ್ನೊಬ್ಬರು ಗಡಿಯಾರ ಹಿಡಿದು ನೋಡುವವರು. ರೋಗಿಯಾದವರು ಮೊದಲ ಸಲ ಸುಳ್ಳನ್ನೇ ಹೇಳಲಿ. ಪ್ರಶ್ನೆಗಳ ಹಾಳೆ ಬಾಗಿಲ ಬಳಿಯ ಮೇಜಿನ ಮೇಲಿದೆ.